ಅತ್ತಿಕೊಡಿಗೆ ರಸ್ತೆಯ ಪಾಲುದಾರರು

ಮೊನ್ನೆ ಪಿಂಚಣಿಯ ಯಾವುದೋ ಕೆಲಸಕ್ಕೆ ನನ್ನ ಹಳೆಯ ಕಚೇರಿಗೆ ಹೋಗಿದ್ದೆ. ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್ ಹುಡುಗಿ ಎದ್ದು ನಿಂತು ಕುರ್ಚಿ ಕೊಟ್ಟಳು. ಕೂತವಳು ಮೊದಲು ನೋಡಿದ್ದು ಅವಳ ಕಾಲಿನ ಕಡೆ. ಬೆಳ್ಳಗೆ ಫಳಫಳ ಹೊಳೆಯುವ ಶೂ. "ಇದು ಜೂನ್ ದಾಟಲ್ಲ ಕಣಮ್ಮ" ಅಂದೆ. ನಕ್ಕಳು. ಆಮೇಲೆ, "ಮೇಡಂ, ಈ ಕೆಲಸದಲ್ಲಿ ಮೊದಲು ಏನು ಕಲಿತುಕೊಳ್ಳಬೇಕು?" ಎಂದು ಕೇಳಿದಳು. ಅಷ್ಟರಲ್ಲಿ ಯಾರೋ ಗುತ್ತಿಗೆದಾರರು ಒಳಗೆ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ಅವಳಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಲಿ. ಕೆಲಸದಲ್ಲಿದ್ದಷ್ಟು ದಿನ ನನ್ನನ್ನು ಯಾರೂ ಪೂರ್ತಿ ಮಾತಾಡಲು ಬಿಟ್ಟಿಲ್ಲ.

ಆಲೂರು, ಸಕಲೇಶಪುರ ಈ ಎರಡು ತಾಲ್ಲೂಕುಗಳ ಹಳ್ಳಿ ರಸ್ತೆಗಳನ್ನು ನೋಡಿಕೊಳ್ಳುತ್ತಲೇ ನನ್ನ ನೌಕರಿ ಮುಗಿಯಿತು. ನೆಂಟರೆಲ್ಲ ನನ್ನದು ರಸ್ತೆ ಮಾಡುವ ಕೆಲಸ ಎಂದೇ ತಿಳಿದಿದ್ದರು. ರಸ್ತೆ ಮಾಡುವುದು ಅದರಲ್ಲಿ ತೀರಾ ಚಿಕ್ಕ ಭಾಗ. ಉಳಿದದ್ದೆಲ್ಲ ನೀರಿನ ಹಿಂದೆ ಓಡುವುದು, ಮತ್ತೆ ಈ ರಸ್ತೆ ಯಾರದು ಎಂದು ಜಗಳವಾಡುವುದು. ಕಾಲೇಜಿನಲ್ಲಿ ಮೊದಲನೆಯದನ್ನು ಒಂದಿಷ್ಟು ಹೇಳಿಕೊಡುತ್ತಾರೆ. ಎರಡನೆಯದಕ್ಕೆ ಪಠ್ಯಪುಸ್ತಕವೇ ಇಲ್ಲ.

ನಾನು ಪಾಳ್ಯದ ಕಡೆಯವಳು. ಮೊದಲ ನೇಮಕವೂ ಆಲೂರಿಗೇ ಆಯಿತು. ಹೊಸ ಹುರುಪಿನಲ್ಲಿ ಪಾಳ್ಯದ ಹತ್ತಿರದ ಒಂದು ಹಳ್ಳಿಗೆ ಹೋಗಿ ಜೀಪಿನಿಂದ ಇಳಿದರೆ, ಅರಳಿಕಟ್ಟೆಯ ಮೇಲೆ ಕೂತಿದ್ದ ಅಜ್ಜ ನನ್ನನ್ನು ದಾಟಿ ಜೀಪಿನೊಳಗೆ ಇಣುಕಿದರು.

"ಇಂಜಿನಿಯರ್ ಎಲ್ಲವ್ರೆ?"

"ನಾನೇ ತಾತ."

"ನೀನಾ? ನೀನು ನಮ್ಮ ತಿಮ್ಮಣ್ಣನ ಮಗಳಲ್ವೇನವ್ವ?"

"ಹೌದು."

"ಹಂಗಾದ್ರೆ ಮುಗೀತು ಬುಡು. ರಸ್ತೆ ಮನೇದೇ ಆಗೋಯ್ತು."

ಅಲ್ಲಿಂದಾಚೆಗೆ ಪಾಳ್ಯ ಹೋಬಳಿಯಲ್ಲಿ ಎಲ್ಲಿ ಗುಂಡಿ ಬಿದ್ದರೂ ಜನ ನಮ್ಮಪ್ಪನನ್ನು ಹಿಡಿದು ಕೇಳುತ್ತಿದ್ದರು. ಪಾಪ, ಅಪ್ಪ ರಾಗಿ ಹೊಲಕ್ಕೆ ಹೋಗುವ ದಾರಿಯನ್ನೇ ಬದಲಾಯಿಸಿಕೊಂಡರು. ಸಂತೆಗೆ ಹೋದರೆ ತಲೆಗೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದರು. "ಅದೇನು ಕೆಲ್ಸಕ್ಕೆ ಸೇರ್ಕಂಡ್ಲೋ ನಿನ್ ಮಗ್ಳು, ನನ್ನ ಬೀಡಿ ಸೇದಕ್ಕೂ ಬುಡ್ತಿಲ್ಲ ಜನ" ಎಂದು ಅವ್ವನ ಮುಂದೆ ಗೊಣಗುತ್ತಿದ್ದರು. ಒಳಗೊಳಗೆ ಹೆಮ್ಮೆಯೂ ಇತ್ತು ಎಂದು ಅವ್ವ ಆಮೇಲೆ ಹೇಳಿದಳು.

ಆಗ ನಮ್ಮ ಮೇಲಿದ್ದ ಸಾಹೇಬರನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಉಳಿದ ಅಧಿಕಾರಿಗಳು ಮಳೆ ನಿಲ್ಲಲಿ ಎಂದು ಕಾಯುತ್ತಿದ್ದರೆ ಇವರು ಮಳೆ ಶುರುವಾಗಲಿ ಎಂದು ಕಾಯುತ್ತಿದ್ದರು. ಕಚೇರಿಯ ಹೆಂಚಿನ ಮೇಲೆ ದಪದಪ ಸದ್ದು ಕೇಳಿದ ಕೂಡಲೇ ಛತ್ರಿ ತೆಗೆದುಕೊಂಡು, "ನಡಿಯಮ್ಮ, ಇವತ್ತು ರಸ್ತೆ ನೋಡೋಣ" ಎನ್ನುತ್ತಿದ್ದರು. "ಬಿಸಿಲಲ್ಲಿ ಎಲ್ಲಾ ರಸ್ತೆನೂ ಚೆನ್ನಾಗೇ ಕಾಣುತ್ತಮ್ಮ. ಗುತ್ತಿಗೆದಾರರಿಗೆ ಅದಕ್ಕೇ ಬಿಸಿಲು ಅಂದ್ರೆ ಅಷ್ಟು ಪ್ರೀತಿ." ಏರಿನ ತುದಿಯಲ್ಲಿ ಜೀಪು ನಿಲ್ಲಿಸಿ, ಒಂದು ಹಲಸಿನ ಎಲೆ ಕಿತ್ತು ಚರಂಡಿಗೆ ಹಾಕುವರು. ಎಲೆ ಹೋದ ಹಾಗೆ ಪಕ್ಕದಲ್ಲೇ ನಡೆಯುವರು. ಎಲೆ ಸಿಕ್ಕಿಕೊಂಡ ಕಡೆ ನಿಂತು, "ನೋಡಿದೆಯಾ, ನಿನ್ನ ಕೆಲಸ ಇಲ್ಲಿದೆ" ಎನ್ನುವರು. ಒಂದು ಸಲ ಹೀಗೆ ಎಲೆಯ ಹಿಂದೆ ನಡೆದು ನಡೆದು ಯಾರದೋ ಮನೆಯ ಅಂಗಳ ದಾಟಿ ಕೊಟ್ಟಿಗೆಯೊಳಗೇ ಹೋಗಿಬಿಟ್ಟಿದ್ದರು. ಹಾಲು ಕರೆಯುತ್ತಿದ್ದ ಹೆಂಗಸು ಕಿಟಾರನೆ ಕಿರುಚಿದಳು. ಸಾಹೇಬರು ಛತ್ರಿ ಮಡಿಸಿ, ಗಂಭೀರವಾಗಿ, "ನಾನಲ್ಲಮ್ಮ, ಮೊದಲು ಬಂದದ್ದು ನಿಮ್ಮ ರಸ್ತೆಯ ನೀರು" ಎಂದರು. ಅಲ್ಲೇ ಕಾಫಿ ಕುಡಿದು ಬಂದೆವು. ಮಾರನೆಯ ವಾರ ಅಲ್ಲಿ ಮೋರಿ ಆಯಿತು. ಅವರಂಥವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪುಣ್ಯ.

ಇನ್ನೊಬ್ಬರು ರೋಲರ್ ಓಡಿಸುತ್ತಿದ್ದ ಇಸ್ಮಾಯಿಲ್ ಸಾಬರು, ಸಕಲೇಶಪುರದ ಪೇಟೆಯವರು. ಆಗ ರೋಲರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವ ಪದ್ಧತಿ ಇರಲಿಲ್ಲ. ಅದು ತನ್ನ ಕಾಲ ಮೇಲೇ ನಡೆದು ಹೋಗಬೇಕು. ಸಕಲೇಶಪುರ ಬಿಟ್ಟು ಹೊಂಗಡಹಳ್ಳದ ಕಡೆ ಹೊರಟರೆ ಪಕ್ಕದಲ್ಲಿ ನಡೆಯುವ ದನಗಳು ಅದನ್ನು ಹಿಂದೆ ಹಾಕುತ್ತಿದ್ದವು. ದಾರಿಯುದ್ದಕ್ಕೂ ಸಾಬರಿಗೆ ಕಾಫಿ, ರೊಟ್ಟಿ, ಮಾತು. ಯಾವ ಎಸ್ಟೇಟಿನಲ್ಲಿ ಯಾರ ಮದುವೆ, ಯಾರ ಹಸು ಕರು ಹಾಕಿತು, ಆಳುಗಳ ಲೆಕ್ಕ ಬರೆಯುವ ಯಾವ ರೈಟರ್ ಯಾರ ಮೇಲೆ ಮುನಿಸಿಕೊಂಡಿದ್ದಾನೆ, ಎಲ್ಲ ಸುದ್ದಿಯೂ ರೋಲರಿನ ಜೊತೆಗೇ ಊರು ತಲುಪುತ್ತಿತ್ತು. ರಸ್ತೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, "ಬಟ್ಟೆ ಒಗ್ದೋರು ಬೇರೆ ಸ್ವಾಮಿ, ನಾನು ಬರೀ ಇಸ್ತ್ರಿ ಹಾಕೋನು" ಎನ್ನುತ್ತಿದ್ದರು. ಪೀಪಾಯಿ ಒಡೆದು, ಸೌದೆ ಒಟ್ಟಿ ಡಾಂಬರು ಕಾಯಿಸುತ್ತಿದ್ದ ಆ ಘಾಟು ನನ್ನ ಸೀರೆಯಿಂದ ಹೋಗುತ್ತಲೇ ಇರಲಿಲ್ಲ. ಈಗ ಕಲಸಿದ ಮಾಲು ಟಿಪ್ಪರಿನಲ್ಲಿ ಬಿಸಿಬಿಸಿಯಾಗಿ ಬರುತ್ತದೆ, ಸಂಜೆಯೊಳಗೆ ರಸ್ತೆ ಮುಗಿದಿರುತ್ತದೆ. ಒಳ್ಳೆಯದೇ. ಹಳೆಯದೆಲ್ಲ ಚೆನ್ನ ಎಂದು ಹೇಳುವವಳು ನಾನಲ್ಲ. ಆ ಹೊಗೆಯಲ್ಲಿ ಕೆಮ್ಮಿದ್ದು ನಾನು, ಹೊಗಳುವವರಲ್ಲ. ಆದರೂ ರೋಲರ್ ಬರುತ್ತಿದೆ ಎಂದರೆ ಊರು ಸಡಗರ ಪಡುತ್ತಿದ್ದುದನ್ನು ನೆನೆದರೆ ಮನಸ್ಸು ಹಗುರಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಅತ್ತಿಕೊಡಿಗೆಯ ಕಥೆ ಹೇಳುವುದಕ್ಕೆ.

ಸಕಲೇಶಪುರಕ್ಕೆ ವರ್ಗವಾಗಿ ಬಂದ ಹೊಸತು. ಹೊಂಗಡಹಳ್ಳದ ರಸ್ತೆಯಿಂದ ಎಡಕ್ಕೆ ಒಂದು ಏರುದಾರಿ ಕವಲೊಡೆಯುತ್ತದೆ. ಕೆಳಗಿನ ಭಾಗ ಪಂಚಾಯಿತಿಯದು. ನಡುವೆ ಹಳ್ಳ ದಾಟಿ ದೊಡ್ಡ ತಿರುವಿನ ತನಕ ಚೆನ್ನೇಗೌಡರ ಕಾಫಿ ಎಸ್ಟೇಟಿನ ಜಾಗ. ಅದರ ಮೇಲೆ ಅತ್ತಿಕೊಡಿಗೆ ಎಂಬ ಪುಟ್ಟ ಊರು. ಊರೊಳಗಿನದು ಹಳೆಯ ಬಂಡಿದಾರಿ, ಅದು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಒಂದೇ ದಾರಿಗೆ ಇಷ್ಟು ಜನ ಯಜಮಾನರು, ಕೊನೆಯ ತುಂಡಿಗೆ ಯಜಮಾನನೇ ಇಲ್ಲ. ಇಂಥ ದಾರಿ ಹಾಳಾಗಿ ಹೋಗಿರಬೇಕು ಎಂದುಕೊಂಡು ನೋಡಲು ಹೋದರೆ ನನಗೇ ಆಶ್ಚರ್ಯ. ಜೀಪು ಸರಾಗವಾಗಿ ಹತ್ತಿತು.

ಕಾರಣ ಆ ಬೇಸಿಗೆಯಲ್ಲೇ ತಿಳಿಯಿತು. ಕಾಫಿ ಕೊಯ್ಲು ಮುಗಿದು, ಗಿಡ ಅರಳಿಸುವ ಹೂವಿನ ಮಳೆಯೂ ಆದ ಮೇಲೆ, ದೊಡ್ಡ ಮಳೆಗೆ ಮುಂಚೆ ಅಲ್ಲಿಯವರು ಒಂದು ದಿನ ಗೊತ್ತು ಮಾಡಿಕೊಂಡು ದಾರಿ ಬಿಡಿಸುತ್ತಿದ್ದರು. ಮನೆಗೊಂದು ಆಳು, ಕೈಯಲ್ಲೊಂದು ಗುದ್ದಲಿ. ಎಸ್ಟೇಟಿನವರು ಕೂಲಿಯವರ ಲೈನ್ ಮನೆಗಳಿಂದ ಜನ ಕಳಿಸುವರು, ಮಧ್ಯಾಹ್ನದ ಊಟವೂ ಅವರದೇ: ಕಡುಬು, ಕೋಳಿ ಸಾರು. ಕೆಳಗಿನ ಕವಲಿನಿಂದ ಊರಿನ ತುದಿಯ ತನಕ ಚರಂಡಿಯ ಕಸ, ಬಿದ್ದ ದರೆಯ ಮಣ್ಣು ಎತ್ತಿ, ಅಡ್ಡಗಾಲುವೆ ತೆಗೆದು, ಗುಂಡಿಗೆ ಗರಸು ತುಂಬುವರು. ಯಾರದೂ ಹಾಜರಿ ಕೂಗುವುದಿಲ್ಲ, ದಂಡವೂ ಇಲ್ಲ. ಆಳು ಕಳಿಸದ ಮನೆ ಬಂದಾಗ ಅದರ ಮುಂದಿನ ಚರಂಡಿಯನ್ನು ಮಾತ್ರ ಮುಟ್ಟದೆ, ಏನೂ ಆಗದವರಂತೆ ಮುಂದೆ ಹೋಗಿಬಿಡುವರು. ಮೊದಲ ಮಳೆಗೆ ನೀರು ಆ ಮನೆಯ ಅಂಗಳಕ್ಕೇ ನುಗ್ಗುತ್ತಿತ್ತು. ಮರುವರ್ಷ ಆ ಮನೆಯಿಂದ ಇಬ್ಬರು ಬರುತ್ತಿದ್ದರು.

ನಾನು ನೋಡಲು ಹೋದ ವರ್ಷ ಗಂಡಸರ ನಡುವೆ ಒಬ್ಬ ಹೆಂಗಸು ಸೆರಗು ಬಿಗಿದು ಗುದ್ದಲಿ ಹಾಕುತ್ತಿದ್ದರು. ಲೀಲಮ್ಮ. ಗಂಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ತೀರಿಹೋಗಿದ್ದರು. ಊರಲ್ಲೊಂದು ಚಿಕ್ಕ ಮನೆ, ಹಿಂದೆ ಅಷ್ಟಗಲ ಕಾಫಿ. ಅವರ ಮನೆಯ ಪಾಲನ್ನು ಎಸ್ಟೇಟಿನವರೇ ಮಾಡುತ್ತೇವೆ ಎಂದಿದ್ದರೂ ಕೇಳದೆ ಬರುತ್ತಿದ್ದರಂತೆ. ರಸ್ತೆ ಬದಿಯ ಕಲ್ಲಿನ ಮೇಲೆ ಮಗಳು ಶಾರದ ಕೂತಿದ್ದಳು. ಚಿಕ್ಕಂದಿನಲ್ಲೇ ಒಂದು ಕಾಲು ಸೋತ ಮಗು, ಆದರೆ ಬಾಯಿಗೆ ಬಿಡುವಿಲ್ಲ. ಯಾರು ಎಷ್ಟು ಕೆಲಸ ಮಾಡಿದರು, ಯಾರು ಬೀಡಿ ಸೇದಲು ಹೋದರು ಎಂದು ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಎಲ್ಲರೂ ಅವಳನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಊಟದ ಹೊತ್ತಿಗೆ ಲೀಲಮ್ಮ ನನ್ನ ಪಕ್ಕ ಬಂದು ಕೂತರು.

"ಮೇಡಂ, ಒಂದು ಮಾತು. ಏಳನೇ ಕ್ಲಾಸ್ ತನಕ ಇಸ್ಕೂಲು ಊರಲ್ಲೇ ಐತೆ. ಆಮೇಲೆ ಪೇಟೆಗೇ ಹೋಗ್ಬೇಕು. ಬೇರೆ ಮಕ್ಳು ಕೆಳಗಿನ್ ರಸ್ತೆ ತಂಕ ನಡ್ಕಂಡು ಹೋಗಿ ಬಸ್ ಹತ್ತವೆ. ಇವ್ಳು ಹೆಂಗೆ ಇಳೀತಾಳೆ, ಹೆಂಗೆ ಹತ್ತಾಳೆ? ಇಷ್ಟು ದಿನ ಬೆನ್ಮೇಲೆ ಹೊತ್ತೆ. ಇನ್ನು ನನ್ ಸೊಂಟ ತಡಿಯಲ್ಲ. ಬಸ್ಸು ಊರಿಗೇ ಬರಂಗೆ ಮಾಡ್ಬುಡಿ."

ಹಾಸ್ಟೆಲಿಗೆ ಹಾಕಬಹುದಲ್ಲ ಎಂದೆ. ನೋಡಿ ಬಂದಿದ್ದರು. ಹೆಣ್ಣುಮಕ್ಕಳನ್ನು ಮೇಲಿನ ಮಹಡಿಯಲ್ಲಿ ಇಡುತ್ತಾರೆ, ನೀರು ಕೆಳಗೆ. ಅಲ್ಲಿಗೆ ನನ್ನ ಉಪದೇಶ ಮುಗಿಯಿತು. ಆ ಮಗುವಿನ ಓದು ನಡೆಯಬೇಕಾದರೆ ಬಸ್ಸು ಆ ಏರು ಹತ್ತಲೇಬೇಕು. ಬೇರೆ ದಾರಿ ಇರಲಿಲ್ಲ.

ಬಸ್ ಡಿಪೋದಲ್ಲಿ ಕೇಳಿದರೆ, ಡಾಂಬರು ರಸ್ತೆ ಬೇಕು, ಅದು ಸರ್ಕಾರದ ರಸ್ತೆಯಾಗಿರಬೇಕು, ಖಾಸಗಿ ಎಸ್ಟೇಟಿನೊಳಗೆ ಬಸ್ಸು ಬಿಡುವುದಿಲ್ಲ ಎಂದರು. ಅಂದರೆ ಚೆನ್ನೇಗೌಡರು ತಮ್ಮ ಜಾಗದ ದಾರಿಯನ್ನು ಬಿಟ್ಟುಕೊಡಬೇಕು. ಹೋಗಿ ಅವರ ಜಗಲಿಯಲ್ಲಿ ಕೂತೆ. ಗೌಡರು ಮಾತಿಗೆ ಮುಂಚೆ ತಂಬಿಗೆ ತುಂಬ ಕಾಫಿ ತರಿಸುವವರು, ಮಾತಿನಲ್ಲಿ ಮಾತ್ರ ಜಿಪುಣ.

"ಕೊಡಾಕೇನು ಮೇಡಂ, ಕೊಡ್ತೀನಿ. ಆ ಹುಡುಗಿ ಓದ್ಲಿ, ಅವರಪ್ಪ ನಮ್ಮನೇಲಿ ದುಡ್ದೋನು. ಆದ್ರೆ ಒಂದ್ ಕೇಳ್ತೀನಿ. ಇವತ್ತು ದಾರಿ ನಂದು ಅಂತ ನನ್ ಆಳು ಚರಂಡಿ ತೆಗೀತವ್ರೆ. ನಾಳೆ ಸರ್ಕಾರದ್ದು ಅಂತ ಬೋರ್ಡ್ ನೆಟ್ರೆ, ತೆಗ್ಯೋರ್ಯಾರು?"

"ನಾವೇ ತೆಗೀತೀವಿ ಗೌಡ್ರೆ" ಎಂದೆ. ಆಗ ನಮ್ಮಲ್ಲಿ ಚರಂಡಿ, ಗುಂಡಿ ನೋಡಿಕೊಳ್ಳುವ ಗ್ಯಾಂಗ್ ಆಳುಗಳಿದ್ದರು, ವರ್ಷವಿಡೀ ರಸ್ತೆಯ ಮೇಲೇ ಇರುತ್ತಿದ್ದರು. ಹೇಳಿದ್ದು ಸುಳ್ಳಾಗಿರಲಿಲ್ಲ.

ಗೌಡರು ಬರೆದುಕೊಟ್ಟರು. ಕಚೇರಿಯಿಂದ ಕಚೇರಿಗೆ ನಾನು ಎಷ್ಟು ಸಲ ಅಲೆದೆನೋ ಲೆಕ್ಕವಿಟ್ಟಿಲ್ಲ. ಶಾರದ ಏಳನೇ ಕ್ಲಾಸಿಗೆ ಬಂದ ವರ್ಷ ಕೆಲಸ ಮಂಜೂರಾಯಿತು. ಇಸ್ಮಾಯಿಲ್ ಸಾಬರ ರೋಲರ್ ಆ ಏರನ್ನು ಹತ್ತುವಾಗ ಊರಿಗೆ ಊರೇ ಪಕ್ಕದಲ್ಲಿ ನಡೆಯಿತು. ದೊಡ್ಡ ತಿರುವಿನಲ್ಲಿ ಸಾಬರು ಎಂಜಿನ್ ನಿಲ್ಲಿಸಿ ಬೆವರು ಒರೆಸಿಕೊಂಡು, "ಮೇಡಮ್ಮೋರೆ, ನನ್ನ ಸರ್ವೀಸಲ್ಲಿ ಇಂಥಾ ಏರು ಇದೇ ಕೊನೇದಾಗ್ಲಿ" ಎಂದು ಕೈಮುಗಿದರು. ಬಸ್ಸು ಮೊದಲ ಸಲ ಬಂದ ದಿನ ಡ್ರೈವರಿಗೆ ಹಾರ ಹಾಕಿ, ಟೈರಿಗೆ ನಿಂಬೆಹಣ್ಣು ಇಟ್ಟು, ಶಾಲೆಯ ಮುಂದೆ ಕಾಯಿ ಒಡೆದರು. ಶಾರದ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಕೈ ಬೀಸಿದಳು. ಲೀಲಮ್ಮ ಅಳುತ್ತಿದ್ದರು. ನಾನೂ ಅತ್ತೆ, ಏನು ಮುಚ್ಚುಮರೆ. ನೌಕರಿಯಲ್ಲಿ ಅಂಥ ಸಂತೋಷ ನನಗೆ ಮತ್ತೆ ಸಿಗಲಿಲ್ಲ. ದಾರಿಯನ್ನು ಸರ್ಕಾರಕ್ಕೆ ತೆಗೆದುಕೊಂಡದ್ದು ತಪ್ಪು ಎಂದು ಮುಂದೆ ಹಲವರು ಹೇಳಿದರು. ನನಗೆ ಇವತ್ತಿಗೂ ಹಾಗನ್ನಿಸಿಲ್ಲ.

ಅಷ್ಟರಲ್ಲಿ ನನಗೆ ಮತ್ತೆ ಆಲೂರಿಗೆ ವರ್ಗವಾಯಿತು. ಕೆಲವು ವರ್ಷ ಕಳೆದು ತಿರುಗಿ ಸಕಲೇಶಪುರಕ್ಕೆ ಬರುವ ಹೊತ್ತಿಗೆ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಗ್ಯಾಂಗ್ ಆಳುಗಳು ಒಬ್ಬೊಬ್ಬರೇ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಚರಂಡಿ ತೆಗೆಯುವುದೂ ಗುತ್ತಿಗೆಗೆ ಹೋಯಿತು. ಮಾಡಿದ ಕೆಲಸದ ಫೋಟೋವನ್ನು ಜಾಗದ ಗುರುತಿನ ಸಮೇತ ಮೊಬೈಲಿನಲ್ಲಿ ಕಳಿಸಬೇಕು. ಒಳ್ಳೆಯ ಪದ್ಧತಿಯೇ. ಆದರೆ ಒಬ್ಬ ಮಹಾರಾಯ ಫೋಟೋದೊಳಗೆ ಎಷ್ಟು ಕಾಣುತ್ತದೋ ಅಷ್ಟೇ ಚರಂಡಿ ತೆಗೆಸಿದ್ದ. ಅದರ ಈಚೆಗೂ ಕಸ, ಆಚೆಗೂ ಕಸ. ನಡುವೆ ಮದುಮಗಳ ಹಾಗೆ ಶುಭ್ರವಾದ ಒಂದು ತುಂಡು. ಕೇಳಿದರೆ, "ಫೋಟೋದಲ್ಲಿ ಸರಿ ಐತಲ್ಲ ಮೇಡಂ" ಎಂದ. ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಹೊಸ ರಸ್ತೆಗೆ ಹಣ ಬರುತ್ತದೆ, ಇದ್ದ ರಸ್ತೆಯನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಇದನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಬಲ್ಲರು. ಚರಂಡಿ ಬಿಡಿಸಿದ್ದಕ್ಕೆ ಯಾರೂ ಟೇಪು ಕತ್ತರಿಸಲು ಬರುವುದಿಲ್ಲ. ನಾನು ಬರೆದು ಕಳಿಸಿದ ಅಂದಾಜುಗಳೆಲ್ಲ ಅನುದಾನ ಇಲ್ಲ ಎಂಬ ಒಂದು ಸಾಲು ಹೊತ್ತುಕೊಂಡು ಹಿಂದೆ ಬಂದವು. ಆ ಬೇಸಿಗೆಯಲ್ಲಿ ಅತ್ತಿಕೊಡಿಗೆಗೆ ಹೋಗಿ, ದಾರಿ ಬಿಡಿಸುವ ದಿನ ಯಾವತ್ತು ಎಂದು ಕೇಳಿದೆ. ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು.

"ಅದನ್ನ ಬುಟ್ಟು ಕಾಲ ಆಯ್ತು ಮೇಡಂ. ಈಗ ಸರ್ಕಾರದ ರಸ್ತೆ ಅಲ್ವಾ? ನಾವು ಕೈ ಹಾಕುದ್ರೆ ನಾಳೆ ಯಾಕ್ ಹಾಕುದ್ರಿ ಅಂತ ನೀವೇ ಕೇಳ್ತೀರ."

ಎಸ್ಟೇಟಿನ ಚರಂಡಿಯಲ್ಲಿ ಸಿಲ್ವರ್ ಮರದ ಎಲೆ ಮೊಣಕಾಲುದ್ದ ತುಂಬಿತ್ತು. ಗೌಡರು ಎಂದಿನಂತೆ ತಂಬಿಗೆ ತುಂಬ ಕಾಫಿ ತರಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ವರ್ಷದ ಮಳೆಗೆ ಹಳ್ಳದ ಮೋರಿ ಕಟ್ಟಿಕೊಂಡಿತು. ನೀರು ರಸ್ತೆಯ ಮೇಲೇ ಹರಿದು ದೊಡ್ಡ ತಿರುವಿನಲ್ಲಿ ಡಾಂಬರಿನ ಅಂಚನ್ನು ಕೊಚ್ಚಿ ಒಯ್ದಿತು. ಒಂದು ಬೆಳಿಗ್ಗೆ ಬಸ್ಸಿನ ಹಿಂದಿನ ಚಕ್ರ ಆ ಅಂಚಿಗೆ ಜಾರಿತು. ಡ್ರೈವರ್ ಎಲ್ಲರನ್ನೂ ಇಳಿಸಿ, ಹಿಮ್ಮುಖವಾಗಿಯೇ ಕೆಳಗಿನ ಕವಲಿನ ತನಕ ಬಸ್ಸು ಇಳಿಸಿದ. ಮರುದಿನದಿಂದ ಬಸ್ಸು ಮೇಲಕ್ಕೆ ಬರಲಿಲ್ಲ. ರಸ್ತೆ ಸುರಕ್ಷಿತ ಎಂದು ನೀವು ಬರೆದುಕೊಡಿ, ನಾಳೆಯೇ ಬಿಡುತ್ತೇವೆ ಎಂದರು ಡಿಪೋದವರು. ಆ ತಿರುವನ್ನು ನೋಡಿದ ಮೇಲೆ ಹೇಗೆ ಬರೆದುಕೊಡಲಿ?

ಶಾರದ ಆಗ ದ್ವಿತೀಯ ಪಿಯುಸಿ. ಊರಿನ ಉಳಿದ ಹುಡುಗಿಯರು ಮೊದಲಿನ ಹಾಗೆ ನಡೆದು ಇಳಿದು ಹೋದರು. ಇವಳು ಊರುಗೋಲು ಹಿಡಿದು ಕೆಲವು ದಿನ ಇಳಿದಳು, ಜಾರಿ ಬಿದ್ದಳು, ಇಳಿಯುವುದನ್ನೇ ನಿಲ್ಲಿಸಿದಳು. ಗೌಡರ ತಮ್ಮನ ಮಗ ಪ್ರವೀಣ ಅಲ್ಲೇ ಹೋಂಸ್ಟೇ ನಡೆಸುತ್ತಿದ್ದ. ಅವನ ಜೀಪಿನಲ್ಲಿ ಒಮ್ಮೊಮ್ಮೆ ಹೋಗಿಬರುತ್ತಿದ್ದಳು, ಅತಿಥಿಗಳಿದ್ದ ದಿನ ಅದೂ ಇಲ್ಲ. ಪರೀಕ್ಷೆಗೆ ಕೂರಲು ಬೇಕಾದಷ್ಟು ಹಾಜರಿ ಆಗುತ್ತದೋ ಇಲ್ಲವೋ ಎಂದು ಲೀಲಮ್ಮ ನನಗೆ ಫೋನ್ ಮಾಡಿ ಮಾಡಿ ಕೇಳುತ್ತಿದ್ದರು. ನಾನು ಪ್ರತಿ ಸಲವೂ ಇಗೋ ಆಯಿತು, ಅಗೋ ಆಯಿತು ಎನ್ನುತ್ತಿದ್ದೆ.

ಮಳೆ ನಿಂತ ಮೇಲೆ ಊರಿನ ಶಾಲೆಯಲ್ಲಿ ಸಭೆ ಕರೆದೆ. ಒಂದು ಸಭೆಗೆ ಮುಗಿಯಲಿಲ್ಲ. ಕೊಯ್ಲು ಬಂತು, ಮುಂದೆ ಹೋಯಿತು. ಮದುವೆ ಬಂತು, ಮುಂದೆ ಹೋಯಿತು. ಪ್ರತಿ ಸಲವೂ ಅದೇ ಮಾತು. ಪಂಚಾಯಿತಿಯವರು, "ಬಂದ ದುಡ್ಡು ನೀರು, ದೀಪಕ್ಕೇ ಸಾಲದು. ಹಳ್ಳದಾಚೆ ನಮ್ ಹದ್ದಲ್ಲ" ಎಂದರು. ಗೌಡರು, "ಜಾಗ ಕೊಟ್ಟೋನು ನಾನು, ತೆರಿಗೆ ಕಟ್ಟೋನು ನಾನು, ಈಗ ರಿಪೇರೀನೂ ನಂದೇನಾ?" ಎಂದರು. ಊರವರು, ರಸ್ತೆ ಕುಸಿದದ್ದು ಎಸ್ಟೇಟಿನ ಕಾಫಿ ಲಾರಿಗಳಿಂದ, ನಮ್ಮ ಸೈಕಲ್ಲಿನಿಂದಲ್ಲ ಎಂದರು. ಯಾರ ಮಾತೂ ಸುಳ್ಳಲ್ಲ, ಅದೇ ನನಗೆ ತಲೆಬಿಸಿ. ಸುಳ್ಳು ಹೇಳುವವರ ಜೊತೆ ಜಗಳವಾಡುವುದು ಎಷ್ಟೋ ಸುಲಭ.

ಕೊನೆಗೆ ಪ್ರವೀಣ ಎದ್ದ. ಒಳ್ಳೆಯ ಹುಡುಗನೇ, ವ್ಯಾಪಾರದ ಬುದ್ಧಿ ಸ್ವಲ್ಪ ಜಾಸ್ತಿ.

"ಮೇಡಂ, ತಪ್ಪು ತಿಳ್ಕೋಬೇಡಿ. ನನ್ ಗೆಸ್ಟ್‌ಗಳು ಈ ರಸ್ತೆ ನೋಡೇ ಬರೋದು. ಜೀಪಲ್ಲಿ ಎತ್ತಾಕಿ ಎತ್ತಾಕಿ ಹೋಗೋದು ಅವ್ರಿಗೆ ಮಜಾ. ಆಫ್‌ರೋಡ್ ಅಂತಾನೇ ಬೋರ್ಡ್ ಹಾಕಿದೀನಿ. ರಸ್ತೆ ನುಣ್ಣಗಾದ್ರೆ ನನ್ ಜೀಪಿಗೆ ಯಾರ್ ಬರ್ತಾರೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಲೋ ಪ್ರವೀಣ, ನಿನ್ನ ಗಿರಾಕಿಗಳಿಗೆ ಮಜಾ ಬೇಕಂದ್ರೆ ನಿನ್ನ ತೋಟದೊಳಗೇ ಗುಂಡಿ ತೋಡ್ಕೊಂಡು ಕುಣಿಸ್ಕೋ ಹೋಗು! ಆ ಹುಡುಗಿ ಮನೇಲಿ ಕೂತಿದ್ದಾಳೆ, ಗೊತ್ತಾ ನಿಂಗೆ?" ಎಂದು ಕೂಗಾಡಿದೆ. ಸರ್ಕಾರಿ ನೌಕರಳು ಸಭೆಯಲ್ಲಿ ಹಾಗೆಲ್ಲ ಮಾತಾಡಬಾರದು. ಹೊಸದಾಗಿ ಸೇರಿದವರು ನನ್ನನ್ನು ನೋಡಿ ಕಲಿಯಬೇಡಿ. ಆದರೆ ಅವತ್ತು ಕೂಗಾಡಿದ್ದಕ್ಕೆ ಪ್ರಯೋಜನವಾಯಿತು. ಪ್ರವೀಣ ಕೆಂಪಗಾಗಿ ಕೂತ. ಆಗ ಗೌಡರು, "ಆಯ್ತು, ಹಿಂಗೆ ಕೂತ್ರೆ ಮುಂದಿನ ಮಳೆಯೂ ಬಂದ್ಬುಡ್ತದೆ. ಪಾಲು ಹಾಕ್ಕಳಾಣ" ಎಂದರು.

ಪಾಲು ಹಾಕಿಕೊಂಡರು. ಲಾರಿ ಓಡಿಸುವ ಎಸ್ಟೇಟಿನವರು ಹಳ್ಳದ ಮೋರಿಯನ್ನು ವರ್ಷವಿಡೀ ತೆರೆದಿಡಬೇಕು. ತಿರುವಿನ ಅಂಚು ಕುಸಿಯದಂತೆ ಹಾಕುವ ಕಲ್ಲುಕಟ್ಟಡಕ್ಕೆ ಕಲ್ಲು ಗೌಡರದು, ಕೂಲಿ ಪ್ರವೀಣನ ಹೋಂಸ್ಟೇಯದು. ಕೆಳಗಿನ ಚರಂಡಿ ಪಂಚಾಯಿತಿಯದು. ಊರೊಳಗೆ ಅವರವರ ಮನೆ ಮುಂದಿನದು ಅವರವರದು. ಡಾಂಬರು ತೇಪೆ ಮಾತ್ರ ನಮ್ಮ ಇಲಾಖೆಯದು. ಅದಕ್ಕೆ ನಾನು ಮೇಲಿನವರ ಬಾಗಿಲಲ್ಲಿ ಕೂತು ಹಟ ಹಿಡಿದು ಮಂಜೂರು ಮಾಡಿಸಿಕೊಂಡು ಬಂದೆ. ಇದು ಯಾವ ನಿಯಮದಲ್ಲೂ ಇಲ್ಲ ಎಂದು ಮೇಲಿನವರೊಬ್ಬರು ಕೊಕ್ಕೆ ತೆಗೆದರು. ರಸ್ತೆ ಹಾಳಾಗುವುದು ಯಾವ ನಿಯಮದಲ್ಲಿದೆ ಸರ್ ಎಂದು ಕೇಳಿ ಸಹಿ ಹಾಕಿಸಿಕೊಂಡೆ.

ಗ್ರಾಮದ ರಸ್ತೆಗೆ ಯಾರು ಖರ್ಚು ಮಾಡಬೇಕು ಎಂದು ಈಗಲೂ ನನ್ನನ್ನು ಕೇಳುತ್ತಾರೆ. ಅವತ್ತು ಆ ಶಾಲೆಯ ಬೆಂಚಿನ ಮೇಲೆ ಕೂತಾಗ ಉತ್ತರ ಸಿಕ್ಕಿತು ಎಂದು ನಾನೂ ಬೀಗಿದ್ದೆ. ರಸ್ತೆ ಸರ್ಕಾರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರ ಬೆಂಗಳೂರಿನಿಂದ ಬಂದು ಎಲೆ ಗುಡಿಸುವುದಿಲ್ಲ. ದೊಡ್ಡ ಕೆಲಸ ಅವರದು, ದಿನದಿನದ ಕಣ್ಣು ನಮ್ಮದು, ಹೆಚ್ಚು ಸವೆಸಿದವನು ಹೆಚ್ಚು ಕೊಡಲಿ. ಇಷ್ಟೇ ಎಂದುಕೊಂಡಿದ್ದೆ.

ಕೆಲಸ ಮುಗಿದು, ಕಾಲೇಜು ಶುರುವಾಗುವ ಹೊತ್ತಿಗೆ ಸರಿಯಾಗಿ, ಬಸ್ಸು ಮತ್ತೆ ಅತ್ತಿಕೊಡಿಗೆಗೆ ಹತ್ತಿತು. ಒಂದು ಮಧ್ಯಾಹ್ನ ನಾನೂ ಅದರಲ್ಲೇ ಹೋದೆ. ಮತ್ತೆ ಹಾರ, ಮತ್ತೆ ನಿಂಬೆಹಣ್ಣು. ಪ್ರವೀಣನೇ ಎಲ್ಲರಿಗೂ ಜ್ಯೂಸ್ ಹಂಚುತ್ತಿದ್ದ. ನನ್ನ ಕಣ್ಣು ಲೀಲಮ್ಮನನ್ನು ಹುಡುಕಿತು. ಎಲ್ಲೂ ಕಾಣಲಿಲ್ಲ. ಮನೆಗೇ ಹೋದೆ. ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಚಾಪೆ ಹಾಕಿದರು, ಕಾಫಿ ಕೊಟ್ಟರು.

"ಬಸ್ ಬಂತಲ್ಲ ಮೇಡಂ. ಸಂತೋಷ."

"ನೀವು ಬರಲೇ ಇಲ್ಲವಲ್ಲ ಲೀಲಮ್ಮ?"

ಅವರು ಮೊರದಲ್ಲಿ ಕೈಯಾಡಿಸುತ್ತಲೇ ಇದ್ದರು. ದನಿ ಏರಿಸಲಿಲ್ಲ.

"ಹಾಜರಿ ಸಾಲ್ದು ಅಂತ ಪರೀಕ್ಷೆಗೆ ಕೂರುಸ್ಲಿಲ್ಲ, ನಿಮ್ಗೂ ಗೊತ್ತೈತೆ. ಆವತ್ತು ಇಸ್ಕೂಲಲ್ಲಿ ಕೂತ್ಕಂಡು ಎಲ್ಲಾರ ಪಾಲೂ ಹೇಳುದ್ರಿ. ಗೌಡ್ರ ಪಾಲು ಇಷ್ಟು, ಪ್ರವೀಣಂದು ಇಷ್ಟು, ಪಂಚಾಯ್ತೀದು ಇಷ್ಟು, ನಿಮ್ದು ಇಷ್ಟು. ನನ್ ಮಗಳ ಪಾಲು ಮಾತ್ರ ಯಾರೂ ಹೇಳ್ಲಿಲ್ಲ. ನೀವೆಲ್ಲ ಇನ್ನೂ ಮಾತಾಡ್ತಿದ್ದಾಗ್ಲೇ ಅವ್ಳು ಕಟ್ಬುಟ್ಟಿದ್ಲು ಮೇಡಂ. ಒಂದು ವರ್ಷ ಕಟ್ಟವ್ಳೆ."

ನನಗೆ ಅಳು ಒತ್ತರಿಸಿಕೊಂಡು ಬಂತು. ಒಳಗಿನಿಂದ ಶಾರದ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಎಷ್ಟು ಎತ್ತರ ಬೆಳೆದಿದ್ದಳು!

"ಅಮ್ಮ, ಸುಮ್ನಿರು" ಎಂದು ತಾಯಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಮೇಡಂ, ನಾಳೆ ಬೆಳಿಗ್ಗೆನೂ ಬರುತ್ತಾ ಬಸ್ಸು?"

ಇಷ್ಟು ವರ್ಷ ಎಷ್ಟೋ ರಸ್ತೆ ಸರಿಯಿದೆ ಎಂದು ಸಹಿ ಹಾಕಿದವಳು ನಾನು. ಆ ಹುಡುಗಿಗೆ ಬರುತ್ತೆ ಕಣಮ್ಮ ಎನ್ನಲು ಬಾಯಿ ಬರಲಿಲ್ಲ. "ನಾನೂ ಬರ್ತೀನಿ, ಇಬ್ಬರೂ ನಿಂತು ನೋಡೋಣ" ಅಂದೆ.

ಬೆಳಗಿನ ಜಾವದಿಂದಲೇ ಮಳೆ ಹಿಡಿದಿತ್ತು. ಜೀಪನ್ನು ಕೆಳಗಿನ ಕವಲಿನಲ್ಲಿ ಬಿಟ್ಟು ಏರು ನಡೆದೇ ಹತ್ತಿದೆ. ಚರಂಡಿಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ರಸ್ತೆಯ ಮೇಲೆ ಬಂದಿರಲಿಲ್ಲ. ಶಾರದ ಆಗಲೇ ಶಾಲೆಯ ಸೂರಿನಡಿ ಬ್ಯಾಗು ತಬ್ಬಿಕೊಂಡು ನಿಂತಿದ್ದಳು. ಕೆಳಗೆ ತಿರುವಿನ ಹತ್ತಿರ ಗೇರು ಬದಲಾಯಿಸಿದ ಸದ್ದು ಕೇಳಿದರೂ ಅವಳು ಕದಲಲಿಲ್ಲ. ಬಸ್ಸಿನ ಮೂತಿ ಕಂಡ ಮೇಲೆ ಊರುಗೋಲು ಸರಿಮಾಡಿಕೊಂಡಳು. ಬಸ್ಸು ಬಂತು, ಅವಳು ಹತ್ತಿದಳು. ಅವಳ ಜೊತೆಯ ಹುಡುಗಿಯರು ಒಬ್ಬರೂ ಅದಕ್ಕೆ ಹತ್ತಲಿಲ್ಲ. ಅವರೆಲ್ಲ ಪಿಯುಸಿ ಮುಗಿಸಿ ಆಗಲೇ ಹಾಸನದ ಕಾಲೇಜು ಸೇರಿದ್ದರು.